ಚುನಾವಣೆ, ಜೋಕು ಮತ್ತು ನೊಂದ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನ ಒಂದು ಸಣ್ಣ ಹವ್ಯಾಸಿ ತಂಡಕ್ಕೆ ತುಳು ಪ್ರಹಸನ ಬರೆಯುವವನು. ಹಗಲು ಹೊತ್ತು ಕೋರ್ಟಿನ ಕಾಗದಪತ್ರದ ಕೆಲಸ, ಹಾಗಾಗಿ ಸೆಕ್ಷನ್‌ಗಳ ಪರಿಚಯವೂ ಉಂಟು. ಈ ಎರಡು ಕಸುಬು ಒಬ್ಬನಲ್ಲೇ ಸೇರಿದ್ದು ನನ್ನ ದುರದೃಷ್ಟ. ಚುನಾವಣೆ ಬಂತೆಂದರೆ ರೀಲ್ಸ್ ಮಾಡುವ ಹುಡುಗರು, ವ್ಯಂಗ್ಯಚಿತ್ರ ಬರೆಯುವವರು, ಯುವಕ ಮಂಡಲದ ವಾರ್ಷಿಕೋತ್ಸವದವರು ಎಲ್ಲ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಸ್ ಈಗಾಗಲೇ ಆಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರ ಹತ್ತಿರ ಹೋಗಿ.

ನೀತಿ ಸಂಹಿತೆ ಬಂತಲ್ಲ, ಇನ್ನು ಫಲಿತಾಂಶದವರೆಗೆ ರಾಜಕಾರಣಿಗಳ ಬಗ್ಗೆ ತಮಾಷೆ ಮಾಡಬಾರದಂತೆ?

ಹಾಗೆ ಎಲ್ಲಿಯೂ ಬರೆದಿಲ್ಲ. ಮಾದರಿ ನೀತಿ ಸಂಹಿತೆ ಇರುವುದು ಪಕ್ಷಗಳಿಗೆ, ಅಭ್ಯರ್ಥಿಗಳಿಗೆ, ಅಧಿಕಾರದಲ್ಲಿ ಇರುವವರಿಗೆ. 1960ರ ಕೇರಳ ವಿಧಾನಸಭಾ ಚುನಾವಣೆಯ ಹೊತ್ತಿಗೆ ಶುರುವಾದದ್ದು, ಆಮೇಲೆ ದೇಶಕ್ಕೆಲ್ಲ ಬಂತು. ಸಂಸತ್ತು ಮಾಡಿದ ಕಾನೂನು ಅಲ್ಲ ಅದು. ನೀವು ಯಾವ ಪಕ್ಷಕ್ಕೂ ಸೇರದೆ, ಹಂಪನಕಟ್ಟೆಯಲ್ಲಿ ಚಾ ಕುಡಿಯುತ್ತಾ ರಸ್ತೆ ಗುಂಡಿ ಬಗ್ಗೆ ಚುಟುಕ ಬರೆಯುವವರಾದರೆ ಸಂಹಿತೆ ನಿಮ್ಮ ಬಾಯಿಗೆ ಬೀಗ ಹಾಕುವುದಿಲ್ಲ. ಉಳಿದ ದಿನ ಇರುವ ಕಾನೂನುಗಳು ಆಗಲೂ ಇರುತ್ತವೆ, ಅಷ್ಟೆ.

ಆದರೂ ಸಂಹಿತೆಯ ಒಂದು ಮಾತು ನನಗೆ ಇಷ್ಟ. ಎದುರು ಪಕ್ಷವನ್ನು ಟೀಕಿಸುವುದಾದರೆ ಅವರ ನೀತಿ, ಕಾರ್ಯಕ್ರಮ, ಹಿಂದೆ ಮಾಡಿದ ಕೆಲಸ ಹಿಡಿದು ಟೀಕಿಸಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ ಖಾಸಗಿ ಬದುಕಿಗೆ ಹೋಗಬೇಡಿ ಎಂದು ಅದು ಹೇಳುತ್ತದೆ. ಪ್ರಹಸನ ಬರೆಯುವಾಗ ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಅಭ್ಯರ್ಥಿ ಕಟ್ಟಿಸಿದ ಸೇತುವೆ ಬಗ್ಗೆ ಎಷ್ಟು ಬೇಕಾದರೂ ನಗಿ. ಅವರ ಸೊಸೆ ಬಗ್ಗೆ ಬೇಡ. ಸೇತುವೆಯಲ್ಲೇ ಬೇಕಾದಷ್ಟು ನಗು ಉಂಟು.

ಹಾಗಾದರೆ ನಾಟಕ, ಯಕ್ಷಗಾನಕ್ಕೆ ಅನುಮತಿ ಕೂಡ ಬೇಡವಾ?

ಬೇಕು. ಮಾತಿಗೆ ಅಲ್ಲ, ಮೈಕಿಗೆ, ಜಾಗಕ್ಕೆ, ಜನ ಸೇರುವುದಕ್ಕೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಧ್ವನಿವರ್ಧಕದ ನಿಯಮ ಹೇಗೂ ಇದೆ.

ನಮ್ಮ ಕಡೆ ಇದೊಂದು ದೊಡ್ಡ ತಲೆನೋವು. ಮೇಳಗಳ ತಿರುಗಾಟ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ. ಚುನಾವಣೆ ಬರುವುದೂ ಅದೇ ಸಮಯಕ್ಕೆ. 2018ರಲ್ಲಿ ಮೇ 12, 2019ರಲ್ಲಿ ಏಪ್ರಿಲ್ 18, 2023ರಲ್ಲಿ ಮೇ 10, 2024ರಲ್ಲಿ ಏಪ್ರಿಲ್ 26. ನಾಟಕ, ಕೋಲ, ನೇಮ, ಬ್ರಹ್ಮಕಲಶ, ಮದುವೆ ಎಲ್ಲದರ ನಡುವೆ ಮತದಾನ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ. ಪ್ರಜಾ ಪ್ರಾತಿನಿಧ್ಯ ಕಾಯ್ದೆ 1951ರ 126ನೇ ಸೆಕ್ಷನ್ ಸಭೆ, ಮೆರವಣಿಗೆ ಮಾತ್ರ ನಿಲ್ಲಿಸುವುದಲ್ಲ. ಸಂಗೀತ ಕಾರ್ಯಕ್ರಮ, ನಾಟಕ, ಮನರಂಜನೆ ಇಟ್ಟು ಜನ ಸೇರಿಸಿ ಚುನಾವಣೆಯ ವಿಷಯ ಹೇಳುವುದನ್ನೂ ನಿಲ್ಲಿಸುತ್ತದೆ. ಎರಡು ವರ್ಷದವರೆಗೆ ಶಿಕ್ಷೆ ಇದೆ. ಈ ಸೆಕ್ಷನ್‌ನಲ್ಲಿ ನಾಟಕ ಎಂಬ ಮಾತು ಇದೆ ಎಂದು ಹೇಳಿದಾಗ ನಮ್ಮ ತಂಡದ ಮ್ಯಾನೇಜರ್ ನಂಬಲಿಲ್ಲ, ಓದಿ ತೋರಿಸಬೇಕಾಯಿತು. ಆ ಎರಡು ದಿನ ಅತ್ತೆ ಸೊಸೆ ಜಗಳದ ಹಾಸ್ಯ ಇಟ್ಟುಕೊಳ್ಳಿ.

"ಭಾವನೆಗೆ ಧಕ್ಕೆ ತಂದಿದ್ದೀರಿ" ಎಂದು ಹೆದರಿಸುತ್ತಾರೆ. ಅದು ಅಪರಾಧವಾ?

ಬರೀ ಧಕ್ಕೆ ಅಪರಾಧ ಅಲ್ಲ. ಸಂವಿಧಾನದ 19(1)(ಎ) ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ಅದಕ್ಕೆ ಯಾವ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂದು ಪಟ್ಟಿ ಕೊಡುತ್ತದೆ: ದೇಶದ ಸಾರ್ವಭೌಮತೆ, ಭದ್ರತೆ, ಬೇರೆ ದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯಲ್ಲಿ "ನಮ್ಮ ನಾಯಕರಿಗೆ ಬೇಜಾರಾಯಿತು" ಎಂಬುದು ಇಲ್ಲ.

ಬೇಜಾರನ್ನೇ ಅಪರಾಧ ಮಾಡಿದ್ದ ಒಂದು ಕಾನೂನು ಇತ್ತು. ಐಟಿ ಕಾಯ್ದೆಯ 66ಎ. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಅದೇ ವರ್ಷ ಕೋಲ್ಕತ್ತದಲ್ಲಿ ಮಮತಾ ಬ್ಯಾನರ್ಜಿ ಅವರ ವ್ಯಂಗ್ಯಚಿತ್ರ ಫಾರ್ವರ್ಡ್ ಮಾಡಿದ ರಸಾಯನಶಾಸ್ತ್ರದ ಪ್ರೊಫೆಸರ್ ಒಬ್ಬರು ಒಳಗೆ ಹೋದರು. ಆ 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದು ಮಾಡಿತು. ಚರ್ಚೆ ಬೇರೆ, ಒಂದು ವಾದವನ್ನು ಜೋರಾಗಿ ಹೇಳುವುದು ಬೇರೆ, ಪ್ರಚೋದನೆ ಬೇರೆ, ಮೂರನೆಯದಕ್ಕೆ ಮುಟ್ಟಿದಾಗ ಮಾತ್ರ ಸರ್ಕಾರ ಕೈ ಹಾಕಬಹುದು ಎಂದಿತು.

ತಮಾಷೆ ಎಂದರೆ ಸತ್ತ ಸೆಕ್ಷನ್ ಆಮೇಲೂ ವರ್ಷಗಟ್ಟಲೆ ಠಾಣೆಗಳಲ್ಲಿ ಓಡಾಡುತ್ತಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ, ಇದರಡಿ ಯಾರ ಮೇಲೂ ಕೇಸ್ ನಡೆಸಬೇಡಿ ಎಂದು ಹೇಳಬೇಕಾಯಿತು. ಮತ್ತೆ ಆ ಪ್ರೊಫೆಸರ್? ಅವರು ಪೂರ್ತಿ ಹೊರಬಂದದ್ದು 2023ರ ಜನವರಿಯಲ್ಲಿ. ಒಂದು ಕಾರ್ಟೂನಿಗೆ ಹತ್ತು ವರ್ಷದ ಮೇಲೆ.

ಹಾಗೆಂದು ಎಲ್ಲ ಬಾಗಿಲೂ ತೆರೆದಿಲ್ಲ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಒಂದು ಧರ್ಮವನ್ನು ಅವಮಾನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299 ಉಂಟು, ಹಳೆಯ ಐಪಿಸಿಯ 295ಎ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದರೆ 196, ಹಳೆಯ 153ಎ.

ನಾಯಕರು ಸುಮ್ಮನಿದ್ದಾರೆ, ಅಭಿಮಾನಿಗಳು ಕೇಸ್ ಹಾಕುತ್ತೇವೆ ಎನ್ನುತ್ತಾರೆ. ಹಾಕಬಹುದಾ?

ನನ್ನ ಅನುಭವದಲ್ಲಿ ಎಲ್ಲ ಪ್ರಶ್ನೆಗಳ ಬೇರು ಇದು. ಚುನಾವಣೆಯ ನೋವು ಹೆಚ್ಚಾಗಿ ಎರವಲು ನೋವು. ಯಾರ ಮೇಲೆ ಜೋಕು ಮಾಡಿದೆವೋ ಅವರು ನಕ್ಕಿರುತ್ತಾರೆ, ಇಲ್ಲವೇ ನೋಡಿಯೇ ಇರುವುದಿಲ್ಲ. ನೊಂದಿರುವುದು ಮೂರನೆಯವನು. ಅದೂ ಟಿಕೆಟ್ ಘೋಷಣೆಯ ದಿನ ನೊಂದುಕೊಳ್ಳಲು ಶುರು ಮಾಡಿ ಎಣಿಕೆಯ ದಿನ ಮಧ್ಯಾಹ್ನ ಪೂರ್ತಿ ಗುಣವಾಗಿರುತ್ತಾನೆ.

ಕಾನೂನಿಗೂ ಇದು ಸ್ವಲ್ಪ ಗೊತ್ತು. ಮಾನಹಾನಿ (ಈಗಿನ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಎರಡು ವರ್ಷದವರೆಗೆ ಸಾದಾ ಸೆರೆ) ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕುವ ಅಪರಾಧ ಅಲ್ಲ. ಯಾರ ಮಾನ ಹೋಯಿತೋ ಆ ಬಾಧಿತ ವ್ಯಕ್ತಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು. ಸಚಿವರಂಥವರ ಅಧಿಕೃತ ಕೆಲಸದ ವಿಷಯವಾದರೆ ಸರ್ಕಾರಿ ವಕೀಲರ ಮೂಲಕ ಬೇರೊಂದು ದಾರಿ ಇದೆ. ಬೂತ್ ಏಜೆಂಟರ ಭಾವನ ತಮ್ಮ ಬಂದು "ನಮ್ಮ ಸಾಹೇಬರ ಮಾನ ಹೋಯಿತು" ಎಂದರೆ ಸಾಲದು. ಹಾಗಾಗಿಯೇ ಅಭಿಮಾನಿಗಳ ದೂರಿನಲ್ಲಿ ಮಾನಹಾನಿ ಎಂದು ಇರುವುದಿಲ್ಲ, "ಶಾಂತಿಗೆ ಭಂಗ", "ಸಮುದಾಯಕ್ಕೆ ನೋವು" ಎಂದು ಇರುತ್ತದೆ. ಒಬ್ಬ ಮನುಷ್ಯನ ಮೇಲಿನ ಜೋಕು ಠಾಣೆ ಮೆಟ್ಟಿಲು ಹತ್ತುವಷ್ಟರಲ್ಲಿ ಇಡೀ ಜಾತಿಯ ಮೇಲಿನ ಜೋಕು ಆಗಿರುತ್ತದೆ. ದೂರಿನ ಪ್ರತಿ ಸಿಕ್ಕರೆ ಮೊದಲು ಇದನ್ನೇ ಹುಡುಕಿ.

ಹಾಗಾದರೆ ಯಾವ ಜೋಕು ಮಾಡಲೇಬಾರದು?

ಅಧಿಕಾರದ ಮೇಲೆ ಮಾಡಿ, ಜನರ ಮೇಲೆ ಬೇಡ. ಶಾಸಕ, ಸಂಸದ, ಅಭ್ಯರ್ಥಿ ವೋಟು ಕೇಳಿಕೊಂಡು ತಾವಾಗಿಯೇ ರಂಗಸ್ಥಳಕ್ಕೆ ಬಂದವರು. ಬ್ಯಾರಿಗಳು, ಬಂಟರು, ಮೊಗವೀರರು, ಕ್ರಿಶ್ಚಿಯನ್ನರು, ಕೊರಗರು ಯಾರೂ ನಾಮಪತ್ರ ಹಾಕಿಲ್ಲ. ಅಭ್ಯರ್ಥಿಯನ್ನು ಕುಟುಕಲು ಅವನ ಜಾತಿಯ ಊಟ, ಉಡುಪು, ಉಚ್ಚಾರ ಹಿಡಿದರೆ ಅವನಿಗೆ ಒಂದು ವೋಟೂ ಕಡಿಮೆಯಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಮುಖ ಸಣ್ಣದಾಗುತ್ತದೆ, ಅಷ್ಟೆ.

ಪಕ್ಷದ ವೇದಿಕೆಯಿಂದ ಮಾಡಿದರೆ ಇನ್ನೂ ಅಪಾಯ. ಧರ್ಮ, ಜಾತಿ, ಭಾಷೆ ಹಿಡಿದು ವೋಟು ಕೇಳುವುದು ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123(3)ರಡಿ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3ರಲ್ಲಿ, ಅಭ್ಯರ್ಥಿಯದ್ದು ಮಾತ್ರವಲ್ಲ, ಮತದಾರರ ಧರ್ಮ ಹಿಡಿದು ಕೇಳುವುದೂ ಇದರೊಳಗೆ ಬರುತ್ತದೆ ಎಂದಿತು. ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳು ಎಂದು ಗೊತ್ತಿದ್ದೇ ಹೇಳಿದರೆ 123(4). ಸಾಬೀತಾದರೆ ಗೆದ್ದದ್ದೂ ಹೋಗಬಹುದು. ವರ್ಗಗಳ ನಡುವೆ ದ್ವೇಷ ಹಬ್ಬಿಸಿದರೆ 125, ಮೂರು ವರ್ಷದವರೆಗೆ.

ದೈವದ ವೇಷ ಹಾಕಿ ರಾಜಕಾರಣಿಗೆ ಬುದ್ಧಿ ಹೇಳಿಸುವ ರೀಲ್ ಮಾಡಿದ್ದೇವೆ. ಹಾಕಬಹುದಾ?

ಬೇಡ ಮಾರಾಯ್ರೆ. ಕೇಸ್ ಆಗುತ್ತದೋ ಇಲ್ಲವೋ ಬೇರೆ ಮಾತು. ದೈವ ಕಟ್ಟುವವರಿಗೆ ಅದು ವೇಷ ಅಲ್ಲ, ಹುಟ್ಟಿನಿಂದ ಬಂದ ಕಟ್ಟು. ಶಾಲೆಯ ಛದ್ಮವೇಷದಲ್ಲಿ, ವೇದಿಕೆಗಳಲ್ಲಿ ದೈವದ ಅನುಕರಣೆ ಬೇಡ ಎಂದು ತುಳುನಾಡಿನಲ್ಲಿ ಈಗಾಗಲೇ ಜೋರಾಗಿ ಕೇಳುತ್ತಿದ್ದಾರೆ. ಇಲ್ಲಿ ನೋವು ಎರವಲಿನದ್ದಲ್ಲ. ನಿಮ್ಮ ರಾಜಕಾರಣಿ ಬಚಾವಾಗಿ, ಜಗಳ ನಿಮ್ಮದು ಮತ್ತು ದೈವಸ್ಥಾನದವರದ್ದು ಆಗುತ್ತದೆ. ರಾಜಕಾರಣಿ ದೂರ ನಿಂತು ಎರಡೂ ಕಡೆಗೆ ಕೈ ಮುಗಿಯುತ್ತಾರೆ.

ಹುಲಿವೇಷ, ಯಕ್ಷಗಾನದ ಹಾಸ್ಯಗಾರ, ಕೋಡಂಗಿ ಇಷ್ಟೆಲ್ಲ ಇರುವಾಗ ಅಲ್ಲಿಗೇ ಯಾಕೆ ಹೋಗಬೇಕು?

ಕೌರವ ಕೃಷ್ಣನನ್ನು ಬೈದರೆ ಚಪ್ಪಾಳೆ, ನಾವು ಶಾಸಕರನ್ನು ಅಂದರೆ ಗಲಾಟೆ. ಯಾಕೆ ಹೀಗೆ?

ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಕೃಷ್ಣ ಸಂಧಾನ ನೋಡಿದವರಿಗೆ ಗೊತ್ತು. ಕೌರವನ ಅರ್ಥ ಹೇಳುವವರು ಗಂಟೆಗಟ್ಟಲೆ ಕೃಷ್ಣನನ್ನು ಹಂಗಿಸುತ್ತಾರೆ. ಗೋಪಾಲಕ ಎನ್ನುತ್ತಾರೆ, ಬೆಣ್ಣೆ ಕಳ್ಳ ಎನ್ನುತ್ತಾರೆ. ಎದುರು ಕೂತವರಲ್ಲಿ ಬೆಳಗ್ಗೆ ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತು ಬಂದವರೂ ಇರುತ್ತಾರೆ. ವಾದ ಗಟ್ಟಿಯಾಗಿದ್ದರೆ ಅವರೇ ತಲೆದೂಗುತ್ತಾರೆ. ಮರುವಾರ ಅದೇ ಅರ್ಥಧಾರಿ ಕೃಷ್ಣನಾಗಿ ಕೂತು ಕೌರವನ ಬಾಯಿ ಮುಚ್ಚಿಸುತ್ತಾರೆ. ಪಾತ್ರದ ಮಾತು ಪಾತ್ರದ್ದು ಎಂಬ ತಿಳುವಳಿಕೆ ನಮ್ಮಲ್ಲಿ ಮೊದಲಿನಿಂದಲೇ ಉಂಟು. ಎದುರಿನವನಿಗೆ ಉತ್ತರ ಕೊಡುವ ಸರದಿ ಇರುವುದು ಇನ್ನೊಂದು ಕಾರಣ.

ರಾಜಕೀಯದ ಜೋಕಿನಲ್ಲಿ ಆ ಸರದಿ ಕಾಣುವುದಿಲ್ಲ. ನಾವು ಒಂದೇ ಪಕ್ಷದವರನ್ನು ಕುಟುಕಿ ಮನೆಗೆ ಹೋದರೆ, ಪ್ರೇಕ್ಷಕ ನಮ್ಮನ್ನು ಅರ್ಥಧಾರಿ ಎನ್ನುವುದಿಲ್ಲ, ಪ್ರಚಾರದವರು ಎನ್ನುತ್ತಾನೆ. ತಪ್ಪೂ ಅಲ್ಲ. ನಮ್ಮ ಪ್ರಹಸನದಲ್ಲಿ ಆಳುವವರಿಗೆ ಎರಡು ಪಾಲು, ಎದುರಿನವರಿಗೆ ಒಂದು ಪಾಲು ಎಂದು ಲೆಕ್ಕ. ಅಧಿಕಾರ ಬದಲಾದ ಹಾಗೆ ಪಾಲೂ ಬದಲಾಗುತ್ತದೆ. ಸಮಪಾಲು ಕೊಟ್ಟರೆ ಅದು ವಿಡಂಬನೆ ಆಗುವುದಿಲ್ಲ, ಮದುವೆಯ ಉಡುಗೊರೆ ಆಗುತ್ತದೆ.

ಪಕ್ಷದವರೇ ಜೋಕು ಮಾಡುತ್ತಾರಲ್ಲ, ಅವರಿಗೆ ಯಾರೂ ಹೇಳುವುದಿಲ್ಲವಾ?

ಹೇಳುತ್ತಾರೆ. ಆದರೆ ಜೋಕು ಅಷ್ಟರಲ್ಲಿ ಕೆಲಸ ಮುಗಿಸಿರುತ್ತದೆ. 2019ರಲ್ಲಿ ಮಂಡ್ಯ ಚುನಾವಣೆ ಹೊತ್ತಿಗೆ "ಎಲ್ಲಿದ್ದೀಯಪ್ಪಾ ನಿಖಿಲ್" ಎಂಬುದು ರಾಜ್ಯದ ಮಕ್ಕಳ ಬಾಯಿಗೂ ಬಂತು. ಅಪ್ಪ ಮಗನನ್ನು ವೇದಿಕೆಗೆ ಕರೆದ ಹಳೆಯ ವಿಡಿಯೊ ಅಷ್ಟೆ, ಒಂದು ಕೆಟ್ಟ ಪದ ಅದರಲ್ಲಿ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳಲ್ಲಿ ಪೇಸಿಎಂ ಪೋಸ್ಟರ್ ಬಂತು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರ ಮುಖ, ಸುತ್ತ ಕ್ಯೂಆರ್ ಕೋಡ್. 2023ರ ಫೆಬ್ರುವರಿಯಲ್ಲಿ ಬಜೆಟ್ ದಿನ ಕಾಂಗ್ರೆಸ್ ಶಾಸಕರು ಕಿವಿಗೆ ಹೂವು ಇಟ್ಟುಕೊಂಡು ಸದನಕ್ಕೆ ಬಂದರು. 2024ರಲ್ಲಿ ಚೊಂಬಿನ ಜಾಹೀರಾತು. ಕೇಂದ್ರ ಸರ್ಕಾರ ಕರ್ನಾಟಕಕ್ಕೆ ಕೊಟ್ಟದ್ದು ಇದು ಎಂದು. ದೇವೇಗೌಡರು ಅದನ್ನು ಅಕ್ಷಯಪಾತ್ರೆ ಎಂದು ತಿರುಗಿಸಿದರು. ಮಾತಿಗೆ ಮಾತು. ತಾಳಮದ್ದಳೆಯ ಸರದಿ ಎಂದೆನಲ್ಲ, ಇದೇ.

ಎಲ್ಲವೂ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. 2023ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬಂದ ಭ್ರಷ್ಟಾಚಾರದ ರೇಟ್ ಕಾರ್ಡ್ ಜಾಹೀರಾತಿಗೆ ಚುನಾವಣಾ ಆಯೋಗ ಕೆಪಿಸಿಸಿಗೆ, ಅಂದರೆ ರಾಜ್ಯ ಕಾಂಗ್ರೆಸ್ ಸಮಿತಿಗೆ, ನೋಟಿಸ್ ಕೊಟ್ಟು ಪುರಾವೆ ಕೇಳಿತು. ಬಿಜೆಪಿ ಮಾನಹಾನಿ ಕೇಸ್ ಹಾಕಿತು. ರಾಹುಲ್ ಗಾಂಧಿ, ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಮೂವರೂ ಜಾಮೀನು ತೆಗೆದುಕೊಳ್ಳಬೇಕಾಯಿತು. ಚೊಂಬಿಗೂ ರೇಟ್ ಕಾರ್ಡಿಗೂ ವ್ಯತ್ಯಾಸ ನೋಡಿ. ಚೊಂಬು ಎಂದರೆ ಅಭಿಪ್ರಾಯ. ಇಂಥ ಹುದ್ದೆಗೆ ಇಷ್ಟು ರೂಪಾಯಿ ಎಂದರೆ ಅದು ಆರೋಪ. ಜೋಕಿನೊಳಗೆ ಅಂಕಿ ಬಂದ ಕೂಡಲೇ ಯಾರೋ ಒಬ್ಬರು ರಸೀದಿ ಕೇಳುತ್ತಾರೆ.

ಪೋಸ್ಟರ್ ಅಂಟಿಸಬಹುದಾ? ಚುಟುಕದ ಕರಪತ್ರ ಹಂಚಬಹುದಾ?

ಸಾರ್ವಜನಿಕ ಗೋಡೆಗೆ ಅಂಟಿಸಿದರೆ ವಿಡಂಬನೆ ನೋಡದೆ ಗೋಡೆ ನೋಡಿ ಕೇಸ್ ಹಾಕುತ್ತಾರೆ. ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ 1981ರಿಂದ ಇದೆ. ಪೇಸಿಎಂ ಅಂಟಿಸಿದವರ ಮೇಲೂ ಅದೇ ಬಿತ್ತು. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು, ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127ಎ. ಇಲ್ಲದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತದಾನದ ಹಿಂದಿನ ರಾತ್ರಿ ಪೇಪರಿನೊಳಗೆ, ಅಂಗಳದಲ್ಲಿ ಬಂದು ಬೀಳುವ ಹೆಸರಿಲ್ಲದ ಹಾಳೆಗಳನ್ನು ದಯವಿಟ್ಟು ವಿಡಂಬನೆ ಎನ್ನಬೇಡಿ. ಜೋಕು ಮಾಡಿದವನು ಹೆಸರು ಹಾಕುತ್ತಾನೆ. ಮರುದಿನ ಹೊಗಳಿಕೆ ಬೇಕಲ್ಲ!

ತುಳುವಿನಲ್ಲಿ ಹೇಳಿದ್ದನ್ನು ಬೇರೆಯೇ ಅರ್ಥ ಮಾಡಿ ದೂರು ಕೊಟ್ಟಿದ್ದಾರೆ. ಎಂತ ಮಾಡುವುದು?

ಇದು ನಮ್ಮೂರಿನದ್ದೇ ಕಷ್ಟ. ಜೋಕು ತುಳುವಿನಲ್ಲಿ, ನಕ್ಕವರು ಕೊಂಕಣಿ, ಬ್ಯಾರಿ, ಕನ್ನಡದವರು. ದೂರು ಕನ್ನಡದಲ್ಲಿ, ಹೈಕೋರ್ಟಿಗೆ ಹೋದರೆ ಇಂಗ್ಲಿಷಿನಲ್ಲಿ. ಮರ್ಲ್ ಎಂದರೆ ಹುಚ್ಚು, ನಿಜ. ಆದರೆ ಅಜ್ಜಿ ಮೊಮ್ಮಗನಿಗೆ "ನಿಕ್ಕ್ ಮರ್ಲಾ?" ಎಂದರೆ ಅದರಲ್ಲಿ ಮುದ್ದೇ ಜಾಸ್ತಿ. ನಮ್ಮ ಒಂದು ಪ್ರಹಸನದಲ್ಲಿ ಮುದುಕಿ ಪಾತ್ರ ಅಭ್ಯರ್ಥಿಗೆ ಹಾಗೆ ಕೇಳುತ್ತದೆ. ದೂರಿನಲ್ಲಿ ಅದು "ಮಾನಸಿಕ ಅಸ್ವಸ್ಥ ಎಂದು ಸಾರ್ವಜನಿಕವಾಗಿ ನಿಂದಿಸಿ" ಎಂದಾಗಿತ್ತು. ಓದಿ ನನಗೇ ಮುದುಕಿ ಮೇಲೆ ಸಿಟ್ಟು ಬಂತು. ಹಾಗಾಗಿ ಪೂರ್ತಿ ಪ್ರದರ್ಶನದ ವಿಡಿಯೊ ಇಟ್ಟುಕೊಳ್ಳಿ, ಹಿಂದಿನ ಮುಂದಿನ ಮಾತು, ಪ್ರೇಕ್ಷಕರ ನಗು ಸಮೇತ. ಮೂವತ್ತು ಸೆಕೆಂಡಿನ ತುಂಡು ಯಾವತ್ತೂ ದೂರುದಾರನ ಪರ ಸಾಕ್ಷಿ ಹೇಳುತ್ತದೆ.

ವಾಟ್ಸಾಪ್ ಗ್ರೂಪಿನ ಅಡ್ಮಿನ್ ನಾನು. ಯಾರೋ ಹಾಕಿದ್ದಕ್ಕೆ ನನ್ನನ್ನು ಹಿಡಿಯುತ್ತಾರಾ?

ಬರೀ ಅಡ್ಮಿನ್ ಎಂಬ ಕಾರಣಕ್ಕೆ ಇಲ್ಲ. 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹಾಗೆಂದಿವೆ. ನೀವೂ ಮುಂದೆ ಕಳಿಸಿದರೆ ಅದು ನಿಮ್ಮದು.

ಎಐನಲ್ಲಿ ನಾಯಕರ ದನಿ ಮಾಡಿ ಹಾಡು ಹೇಳಿಸಿದರೆ?

ನೋಡಿದ ಕೂಡಲೇ ತಮಾಷೆ ಎಂದು ಗೊತ್ತಾಗಬೇಕು, ಎಐ ಎಂದು ದೊಡ್ಡದಾಗಿ ಬರೆದಿರಬೇಕು. ನಾಯಕರು ಹುಲಿವೇಷ ಕುಣಿದರೆ ಯಾರೂ ನಂಬುವುದಿಲ್ಲ, ನಗುತ್ತಾರೆ. ಅವರದ್ದೇ ದನಿಯಲ್ಲಿ "ನಾನು ಕಣದಿಂದ ಹಿಂದೆ ಸರಿದಿದ್ದೇನೆ" ಎಂದು ಹೇಳಿಸಿದರೆ ಅದು ಮೋಸ. ಪಕ್ಷಗಳ ಖಾತೆಯಲ್ಲಿ ಇಂಥ ನಕಲಿ ವಿಡಿಯೊ ಕಂಡರೆ, ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕು ಎಂದು ಆಯೋಗ 2024ರಲ್ಲಿ ಹೇಳಿದೆ.

ಠಾಣೆಯಿಂದ ಫೋನ್ ಬಂದಿದೆ. ವಿಡಿಯೊ ಡಿಲೀಟ್ ಮಾಡಿ ಕ್ಷಮೆ ಕೇಳಬೇಕಾ?

ಮೊದಲು ಲಿಖಿತ ನೋಟಿಸ್ ಕೇಳಿ, ಮರ್ಯಾದೆಯಿಂದ. ಇಂಥ ಸೆಕ್ಷನ್‌ಗಳಲ್ಲಿ ಸೀದಾ ಬಂಧಿಸುವ ಬದಲು ನೋಟಿಸ್ ಕೊಟ್ಟು ಕರೆಯುವುದೇ ಕ್ರಮ. ಇನ್ನೊಂದು ಹೊಸ ಅನುಕೂಲ ಉಂಟು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧದ ದೂರಾದರೆ, ಎಫ್‌ಐಆರ್‌ಗೆ ಮುಂಚೆ ಡಿವೈಎಸ್‌ಪಿ ದರ್ಜೆಯವರ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು, ನಾಗರಿಕ ಸುರಕ್ಷಾ ಸಂಹಿತೆಯ 173(3). 2025ರ ಮಾರ್ಚ್ 28ರಂದು ಸಂಸದ ಇಮ್ರಾನ್ ಪ್ರತಾಪ್‌ಗಢಿ ಮೇಲಿನ, ಒಂದು ಕವಿತೆಯ ಕೇಸನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಇದನ್ನೇ ನೆನಪಿಸಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ಧೈರ್ಯದ ಜನರ ಅಳತೆಯಲ್ಲಿ ನೋಡಬೇಕು, ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಲ್ಲಿ ಅಲ್ಲ ಎಂದೂ ಹೇಳಿತು. ಪ್ರಿಂಟ್ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿ.

ಕ್ಷಮೆ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಿಜವಾಗಿ ತಪ್ಪಾಗಿದ್ದರೆ ಕೇಳಿ, ಸಣ್ಣವರಾಗುವುದಿಲ್ಲ. ಹೆದರಿ ಕೇಳಿದರೆ ಮುಂದಿನವನಿಗೂ ಅದೇ ಕಾಯಿದೆ ಆಗುತ್ತದೆ. 2019ರ ಮೇನಲ್ಲಿ, ಚುನಾವಣೆ ನಡುವೆಯೇ, ಮಮತಾ ಅವರ ಮೀಮ್ ಹಾಕಿದ ಬಿಜೆಪಿ ಯುವ ಕಾರ್ಯಕರ್ತೆಗೆ ಸುಪ್ರೀಂ ಕೋರ್ಟ್ ಜಾಮೀನು ಕೊಡುವಾಗ ಮೊದಲು ಕ್ಷಮೆಯ ಷರತ್ತು ಹಾಕಿ, ಆಮೇಲೆ ಅದನ್ನು ತೆಗೆಯಿತು. ನ್ಯಾಯಮೂರ್ತಿಗಳಿಗೇ ಬಂದ ಗೊಂದಲ ನಮಗೆ ಬಂದರೆ ಆಶ್ಚರ್ಯ ಇಲ್ಲ.

ಮನೆ ಮುಂದೆ ಬಂದು ಘೋಷಣೆ ಕೂಗಿದರು.

ಇಲ್ಲಿ ಚುನಾವಣೆಯ ನೀತಿ ಸಂಹಿತೆ ನಿಮ್ಮ ಕಡೆ. ಒಬ್ಬರ ಅಭಿಪ್ರಾಯ ಇಷ್ಟವಾಗದಿದ್ದರೂ ಅವರ ಮನೆ ಮುಂದೆ ಪ್ರತಿಭಟನೆ, ಧರಣಿ ಯಾವ ಕಾರಣಕ್ಕೂ ಮಾಡಬಾರದು ಎಂದು ಪಕ್ಷಗಳಿಗೆ ಅದು ಹೇಳುತ್ತದೆ. ಫೋಟೊ ತೆಗೆದು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹಾಕಿ ಅಥವಾ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಕಲ್ಲು ಬಿದ್ದರೆ 112.

ಹಿಂದಿನ ಕಾಲದಲ್ಲಿ ನಾಯಕರು ನಗುತ್ತಿದ್ದರು, ಅಲ್ವಾ?

ಕೆಲವರು, ಕೆಲವು ದಿನ. ವ್ಯಂಗ್ಯಚಿತ್ರಕಾರ ಶಂಕರ್ ಅವರಿಗೆ ನೆಹರೂ "ನನ್ನನ್ನೂ ಬಿಡಬೇಡಿ" ಎಂದ ಕಥೆ ಎಲ್ಲರಿಗೂ ಗೊತ್ತು. ಅದೇ ನೆಹರೂ ಸರ್ಕಾರ 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ತಂದು ಮಾತಿನ ಮೇಲಿನ ಮಿತಿಗಳನ್ನು ಜಾಸ್ತಿ ಮಾಡಿತು. ಶಂಕರ್ ಅವರ ವಾರಪತ್ರಿಕೆ 1975ರಲ್ಲಿ, ತುರ್ತು ಪರಿಸ್ಥಿತಿಯ ವರ್ಷ, ನಿಂತಿತು. ಕನ್ನಡದಲ್ಲಿ ರಾಶಿಯವರ ಕೊರವಂಜಿ 1942ರಿಂದ 25 ವರ್ಷ ನಗಿಸಿತು. ಈಗ ಕುಂದಾಪುರದ ಸತೀಶ್ ಆಚಾರ್ಯ ಅವರ ಗೆರೆಗಳನ್ನು ದೇಶವೇ ನೋಡುತ್ತದೆ. ನಗಿಸುವವರಿಗೆ ಬರ ಯಾವಾಗಲೂ ಇರಲಿಲ್ಲ.

ಜಗಳ ಮಾಡಿದವರ ಜೊತೆ ಆಮೇಲೆ ಹೇಗೆ ಇರುವುದು? ಒಂದೇ ಊರು ಅಲ್ವಾ?

ನಮ್ಮ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ವಾರ್ಷಿಕೋತ್ಸವದಲ್ಲಿ ನಮ್ಮ ಪ್ರಹಸನ ಅರ್ಧಕ್ಕೆ ನಿಂತಿತು. ಒಬ್ಬರು ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡರು, ಸಂಘಟಕರು ಲೈಟ್ ಆಫ್ ಮಾಡಿದರು. ಮುದುಕಿ ವೇಷದ ಹುಡುಗ ಸೀರೆಯಲ್ಲೇ ಬೈಕ್ ಹತ್ತಿ ಮನೆಗೆ ಹೋದ. ಚುನಾವಣೆ ಮುಗಿಯಿತು, ಮಳೆ ಬಂತು, ಪತ್ತನಾಜೆ ಕಳೆಯಿತು. ದೀಪಾವಳಿ ಹೊತ್ತಿಗೆ ಅದೇ ಮನುಷ್ಯ ಫೋನ್ ಮಾಡಿದರು. ಅವರ ಸಂಘಕ್ಕೆ ನಮ್ಮದೇ ನಾಟಕ ಬೇಕಂತೆ. "ಅದೇ ಇರಲಿ, ಚೆಂದ ಉಂಟು. ಆದರೆ ಆ ಅಭ್ಯರ್ಥಿ ಪಾತ್ರವನ್ನು ಎದುರು ಪಕ್ಷದವ ಮಾಡಿ" ಎಂದರು. ಮುಂಗಡ ಕೊಟ್ಟಿದ್ದಾರೆ, ತೆಗೆದುಕೊಂಡಿದ್ದೇವೆ. ಎದುರು ಪಕ್ಷದವನನ್ನೂ ಸೇರಿಸಿದ್ದೇವೆ. ಹಳಬನನ್ನು ತೆಗೆದಿಲ್ಲ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ.